ಗುಲಾಬಿ ಚೀಟಿಯಲ್ಲಿ ನಮ್ಮೂರ ಓಟು

ನವಲಗುಂದದಲ್ಲಿ ಜುಲೈ 21 ಎಂದರೆ ರೈತ ಹುತಾತ್ಮ ದಿನ. ನೀರು ಕಾಣದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟುವುದಿಲ್ಲವೆಂದು ಮಲಪ್ರಭಾ ಅಚ್ಚುಕಟ್ಟಿನ ರೈತರು 1980ರಲ್ಲಿ ಎದ್ದು ನಿಂತರು. ಅಂದು ನವಲಗುಂದ, ನರಗುಂದ ಎರಡೂ ಕಡೆ ಗೋಲಿಬಾರ್ ಆಗಿ ರೈತರು ಪ್ರಾಣ ಕಳೆದುಕೊಂಡರು. ಪ್ರತಿವರ್ಷ ಆ ದಿನ ಸ್ಮಾರಕಕ್ಕೆ ಮಾಲೆ ಬೀಳುತ್ತದೆ, ಘೋಷಣೆ ಕೇಳುತ್ತದೆ, ಎಲ್ಲ ಪಕ್ಷದವರೂ ಬಂದು ಹೋಗುತ್ತಾರೆ. 2022ರ ಜುಲೈ 21ರಂದು ದೆಹಲಿಯ ಸಂಸತ್ ಭವನದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ರಾಷ್ಟ್ರಪತಿ ಚುನಾವಣೆಯ ಮತ ಎಣಿಕೆ. ರಾತ್ರಿಯ ಹೊತ್ತಿಗೆ ಒಡಿಶಾದ ಸಂತಾಲ ಸಮುದಾಯದ ದ್ರೌಪದಿ ಮುರ್ಮು 6,76,803 ಮತಮೌಲ್ಯ ಪಡೆದು ಗೆದ್ದಿದ್ದರು. ಎದುರಾಳಿ ಯಶವಂತ ಸಿನ್ಹಾ ಅವರಿಗೆ ಸಿಕ್ಕಿದ್ದು 3,80,177.

ಹೆಸರಿನ ಬೆಳೆಗೆ ಎಡೆ ಹೊಡೆದು ಮುಗಿದು, ಮಳೆಗಾಗಿ ಮುಗಿಲು ನೋಡುವ ಕಾಲ ಅದು. ಚಾದಂಗಡಿಯ ಬಾಕಿನ ಮೇಲೆ, ಅಗಸಿ ಕಟ್ಟೆಯ ಮೇಲೆ ಕೂತು ಮಾತಾಡಲು ಗೆಳೆಯರಿಗೆ ಪುರುಸೊತ್ತು ಸಿಗುವುದೂ ಆಗಲೇ. ಐದು ವರ್ಷಕ್ಕೊಮ್ಮೆ ಆ ಮಾತು ರಾಷ್ಟ್ರಪತಿಯವರೆಗೆ ಹೋಗುತ್ತದೆ. "ಯಾರ್ ಆದ್ರ ಏನಲೇ, ಮಹದಾಯಿ ನೀರ್ ಹರಸ್ತಾರೇನು?" ಎಂದು ಒಬ್ಬ ಎತ್ತಿದರೆ, "ಹಂಗಲ್ಲೋ ತಮ್ಮಾ, ಕಡೀ ಸಹಿ ಯಾರದೈತಿ ಅನ್ನೋದೂ ನೋಡಬೇಕಾಗತೈತಿ" ಎಂದು ಇನ್ನೊಬ್ಬ ತಡೆಯುತ್ತಾನೆ. "ನಮಗ ಓಟ ಇಲ್ಲ, ನಮಗ್ಯಾಕ ಜಗಳಾ?" ಎಂದು ಮೂರನೆಯವನು ಚಾದ ಕಪ್ಪು ಕೆಳಗಿಡುತ್ತಾನೆ. ಮಾತು ಸಾಮಾನ್ಯವಾಗಿ ನಿಲ್ಲುವುದು ಆ ಮೂರನೆಯವನ ಪ್ರಶ್ನೆಗೇ. ಅಲ್ಲಿ ನಿಲ್ಲಬಾರದು ಎಂಬುದು ಈ ಲೇಖನದ ವಾದ.

ನಮಗೆ ಓಟು ಇಲ್ಲ ಎಂಬುದು ಅರ್ಧ ಸತ್ಯ ಮಾತ್ರ. ಸಂವಿಧಾನದ 54ನೇ ವಿಧಿಯ ಪ್ರಕಾರ ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಎರಡೂ ಸದನಗಳ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು. ಸಂಸದರಿಗೆ ಹಸಿರು ಮತಪತ್ರ, ಶಾಸಕರಿಗೆ ಗುಲಾಬಿ. ಮುದ್ರೆ ಒತ್ತುವುದಿಲ್ಲ, ಚುನಾವಣಾ ಆಯೋಗ ಕೊಟ್ಟ ಪೆನ್ನಿನಿಂದ ಹೆಸರಿನ ಮುಂದೆ 1, 2 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಆ ಗುಲಾಬಿ ಚೀಟಿಗೆ ತೂಕ ಬರುವುದು ಶಾಸಕನಿಂದಲ್ಲ, ಜನರಿಂದ. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಸ್ಥಾನಗಳಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸುತ್ತಾರೆ. ಕರ್ನಾಟಕದ ಲೆಕ್ಕಕ್ಕೆ ಹಿಡಿದಿರುವುದು 1971ರ ಜನಗಣತಿಯ 2,92,99,014 ಜನ. 224 ಸ್ಥಾನಗಳಿಗೆ ಹಂಚಿದರೆ ಒಬ್ಬೊಬ್ಬ ಶಾಸಕನ ಮತಕ್ಕೆ 131 ಮೌಲ್ಯ. ನಮ್ಮ ನವಲಗುಂದ, ಕುಂದಗೋಳ, ಕಲಘಟಗಿ ಮೂರೂ ಕ್ಷೇತ್ರ ಸೇರಿ 393. ಅಣ್ಣಿಗೇರಿ ಈಗ ಬೇರೆ ತಾಲ್ಲೂಕಾದರೂ ಅದರ ಮಾತು ನವಲಗುಂದದ ಚೀಟಿಯಲ್ಲೇ ಹೋಗುತ್ತದೆ. ಧಾರವಾಡ ಜಿಲ್ಲೆಯ ಏಳು ಕ್ಷೇತ್ರ ಕೂಡಿದರೆ 917. ಉತ್ತರಪ್ರದೇಶದ ಒಬ್ಬ ಶಾಸಕನ ಮತಕ್ಕೆ 208 ಮೌಲ್ಯವಿದ್ದರೆ ಸಿಕ್ಕಿಂ ಶಾಸಕನದು ಬರೀ 7. 2022ರಲ್ಲಿ ಒಬ್ಬ ಸಂಸದನ ಮತಕ್ಕೆ 700 ಇತ್ತು.

ಈ ಲೆಕ್ಕ ಮತದಾರರದ್ದಲ್ಲ, ಜನರದ್ದು. 1971ರಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಮಲಗಿದ್ದ ಕೂಸೂ ಇದರಲ್ಲಿ ಒಂದು ಎಣಿಕೆ. ಆ ಕೂಸಿಗೆ ಈಗ ಐವತ್ತು ದಾಟಿದೆ, ಅವರಿಗೆ ಮೊಮ್ಮಕ್ಕಳೂ ಆಗಿರಬಹುದು. ಆದರೆ ಆಮೇಲೆ ಹುಟ್ಟಿದ ಒಬ್ಬರೂ ರಾಷ್ಟ್ರಪತಿ ಚುನಾವಣೆಯ ಲೆಕ್ಕದಲ್ಲಿಲ್ಲ. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ನಷ್ಟವಾಗಬಾರದೆಂದು 1976ರ 42ನೇ ತಿದ್ದುಪಡಿ 1971ರ ಅಂಕಿಯನ್ನೇ ಉಳಿಸಿತು. 2001ರ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ಮುಂದಕ್ಕೆ ಹಾಕಿತು. 2011ರ 6,10,95,297 ಜನರ ಮೇಲೆ ಲೆಕ್ಕ ಹಾಕಿದರೆ ಇದೇ ಶಾಸಕನ ಮತಕ್ಕೆ 273 ಬರುತ್ತದೆ.

ಹಾಗಾದರೆ ಆ ಚೀಟಿ ಯಾರ ಮಾತು ಕೇಳಿ ಬೀಳಬೇಕು? ಪಕ್ಷದ್ದೋ, ಶಾಸಕನ ಆತ್ಮಸಾಕ್ಷಿಯದ್ದೋ, ಚೀಟಿಗೆ ತೂಕ ಕೊಟ್ಟ ಊರವರದ್ದೋ? ಈ ಪ್ರಶ್ನೆ ದೇಶವನ್ನೇ ನಡುಗಿಸಿದ್ದು 1969ರಲ್ಲಿ. ಅದರ ಬೀಜ ಬಿದ್ದದ್ದು ಬೆಂಗಳೂರಿನಲ್ಲಿ, ಅದರ ನಡುವೆ ನಿಂತದ್ದು ಕನ್ನಡನಾಡಿನ ಒಬ್ಬ ಹಿರಿಯರು.

ಆ ವರ್ಷ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪ. ಏಕೀಕರಣದ ಹಿರಿಯರು, ಮುಖ್ಯಮಂತ್ರಿಯಾಗಿದ್ದವರು, 1967ರಲ್ಲಿ ಕುಂದಗೋಳದ ಮಗ್ಗುಲಿನ ಶಿಗ್ಗಾಂವಿಯಿಂದ ಗೆದ್ದವರು. ಶಿಗ್ಗಾಂವಿ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಪ್ರಧಾನಿ ಇಂದಿರಾ ಗಾಂಧಿ ಜಗಜೀವನ್ ರಾಮ್ ಅವರ ಹೆಸರು ಮುಂದಿಟ್ಟರು. 12ರಂದು ಕಾಂಗ್ರೆಸ್ ಸಂಸದೀಯ ಮಂಡಳಿಯ ಬಹುಮತ ನೀಲಂ ಸಂಜೀವ ರೆಡ್ಡಿ ಅವರ ಕಡೆಗೆ ಹೋಯಿತು. 16ಕ್ಕೆ ಇಂದಿರಾ ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ಕ್ಕೆ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು. ಅವುಗಳಲ್ಲಿ ಎರಡು, ಕೆನರಾ ಮತ್ತು ಸಿಂಡಿಕೇಟ್, ನಮ್ಮ ರಾಜ್ಯದಲ್ಲೇ ಕೇಂದ್ರ ಕಚೇರಿ ಇದ್ದವು. ಮರುದಿನ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿ ಸ್ಥಾನ ಬಿಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ಒಂದು ತಿಂಗಳೊಳಗೆ ನಡೆದದ್ದು ಇಷ್ಟು.

ರೆಡ್ಡಿ ಅವರ ನಾಮಪತ್ರಕ್ಕೆ ಇಂದಿರಾ ಅವರೇ ಸೂಚಕರಾಗಿ ಸಹಿ ಹಾಕಿದ್ದರು. ಮತದಾನ ಹತ್ತಿರ ಬಂದಂತೆ ಅವರ ಬಣ ದನಿ ಬದಲಿಸಿತು: ಆತ್ಮಸಾಕ್ಷಿಯಂತೆ ಮತ ಹಾಕಿರಿ. ಅವರು ಕೊಟ್ಟ ಕಾರಣ, ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಭೇಟಿಯಾಗಿ ಅವರ ಎರಡನೆಯ ಪ್ರಾಶಸ್ತ್ಯದ ಮತ ಕೇಳಿದ್ದು. ಆ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್. ನಿಜಲಿಂಗಪ್ಪನವರ ಪಾಲಿಗೆ ಅದು ತಮ್ಮ ಅಭ್ಯರ್ಥಿಯನ್ನು ಗೆಲ್ಲಿಸುವ ನ್ಯಾಯವಾದ ಪ್ರಯತ್ನ. ಇಂದಿರಾ ಕಡೆಯವರಿಗೆ ತತ್ವದ್ರೋಹ. ಜೊತೆಗೆ ಜೈಲು ಕಂಡ, ಒಂದೇ ಪಂಕ್ತಿಯಲ್ಲಿ ಉಂಡ ಗೆಳೆಯರು ಒಬ್ಬರ ಮನೆಗೆ ಒಬ್ಬರು ಹೋಗುವುದು ನಿಂತಿತು. ಮೈಸೂರು ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ ಮತ್ತು ರಾಮಕೃಷ್ಣ ಹೆಗಡೆ ಅವರನ್ನು ನಿಜಲಿಂಗಪ್ಪನವರ ಲವ-ಕುಶ ಎಂದೇ ಜನ ಕರೆಯುತ್ತಿದ್ದರು; ಅವರು ಗುರುಗಳ ಬೆನ್ನಿಗೆ ನಿಂತರು. ಡಿ. ದೇವರಾಜ ಅರಸು ಇಂದಿರಾ ಕಡೆಗೆ ಹೋದರು. ಧಾರವಾಡ ಉತ್ತರದ ಸಂಸದೆ ಸರೋಜಿನಿ ಮಹಿಷಿ ಕೂಡ ಇಂದಿರಾ ಕಾಂಗ್ರೆಸ್ಸಿನಲ್ಲೇ ಉಳಿದರು.

ಆಗಸ್ಟ್ 16ರಂದು ಮತದಾನ, 20ಕ್ಕೆ ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಅರ್ಧ ದಾಟಿದವರು ಯಾರೂ ಇಲ್ಲ. ಆಗ ಸೋತವರ ಚೀಟಿಗಳನ್ನು ತೆರೆದು ಎರಡನೆಯ ಅಂಕಿ ನೋಡುತ್ತ ಹೋದರು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಭಾರತದ ರಾಷ್ಟ್ರಪತಿ ಚುನಾವಣೆಯಲ್ಲಿ ಎರಡನೆಯ ಪ್ರಾಶಸ್ತ್ಯ ಫಲಿತಾಂಶ ನಿರ್ಧರಿಸಿದ್ದು ಅದೊಂದೇ ಸಲ. ನವೆಂಬರ್ 12ಕ್ಕೆ ನಿಜಲಿಂಗಪ್ಪನವರ ಕಾಂಗ್ರೆಸ್ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿತು. ಪಕ್ಷ ಎರಡು ಹೋಳಾಯಿತು.

ಈ ಕತೆಯನ್ನು ಇಂದಿರಾ ಗೆಲುವು, ನಿಜಲಿಂಗಪ್ಪ ಸೋಲು ಎಂದು ಹೇಳಿ ಮುಗಿಸುವುದು ರೂಢಿ. ಅದರಲ್ಲಿ ಬಿಟ್ಟುಹೋದ ಒಂದು ಸಂಗತಿ ಇದೆ. ಒಂದು ಕಡೆ ಪಕ್ಷದ ಶಿಸ್ತು, ಇನ್ನೊಂದು ಕಡೆ ಆತ್ಮಸಾಕ್ಷಿ ಎಂದು ಎರಡೂ ಬಣ ಕೂಗಿದವು. ತಮ್ಮನ್ನು ಆರಿಸಿದವರನ್ನು ಕೇಳಿ ಬರುತ್ತೇವೆ ಎನ್ನುವುದು ಯಾವ ಬಣದ ಘೋಷಣೆಯೂ ಆಗಲಿಲ್ಲ. ಕೇಳದಿದ್ದರೂ ಜನ ಉತ್ತರ ಕೊಟ್ಟರು, ತಡವಾಗಿ. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ವೀರೇಂದ್ರ ಪಾಟೀಲರ ಸರ್ಕಾರ ಉಳಿಯಲಿಲ್ಲ. 1972ರಲ್ಲಿ ಅರಸು ಮುಖ್ಯಮಂತ್ರಿಯಾದರು.

ಪಕ್ಷದ ಆದೇಶವೇ ಇಲ್ಲದ ಶಾಸಕರೊಬ್ಬರೂ ಆಗ ಇದೇ ತಾಲ್ಲೂಕುಗಳಲ್ಲಿದ್ದರು. 1967ರಲ್ಲಿ ಕುಂದಗೋಳ ಪಕ್ಷೇತರರಾಗಿ ಆರಿಸಿ ಕಳಿಸಿದ್ದು ಎಸ್.ಆರ್. ಬೊಮ್ಮಾಯಿ ಅವರನ್ನು. ಶಿಗ್ಗಾಂವಿ ತಾಲ್ಲೂಕಿನ ಕಾರಡಗಿಯವರು, ವಕೀಲರು, ಎಂ.ಎನ್. ರಾಯ್ ಅವರ ವಿಚಾರಕ್ಕೆ ಒಲಿದವರು. 1969ರಲ್ಲಿ ಅವರ ಕೈಯಲ್ಲಿದ್ದ ಚೀಟಿಗೆ ಹೈಕಮಾಂಡ್ ಇರಲಿಲ್ಲ. ಇದ್ದದ್ದು ಅವರ ವಿವೇಕ ಮತ್ತು ಕುಂದಗೋಳದ ಜನ, ಇಷ್ಟೇ. ಗುಪ್ತ ಮತದಾನವಾದ್ದರಿಂದ ಯಾವ ಶಾಸಕರ ಮತ ಯಾರಿಗೆ ಬಿತ್ತೆಂದು ಯಾರೂ ಎಣಿಸಿ ಹೇಳಲಾಗದು, ಹೇಳಲೂಬಾರದು.

"ಯಾರ್ ಆದ್ರ ಏನು" ಎನ್ನುವ ಗೆಳೆಯನಿಗೆ ಉತ್ತರ ಇರುವುದೂ ಬೊಮ್ಮಾಯಿ ಅವರ ಬದುಕಿನಲ್ಲೇ. 1988ರ ಆಗಸ್ಟ್ 13ಕ್ಕೆ ಅವರು ಮುಖ್ಯಮಂತ್ರಿಯಾದರು. ಆಗ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕ. ಮುಂದಿನ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. ಆ ಪೈಕಿ ಏಳು ಜನ, ತಪ್ಪು ತಿಳಿಸಿ ನಮ್ಮ ಸಹಿ ತೆಗೆದುಕೊಂಡರು ಎಂದು ಮತ್ತೆ ಬರೆದುಕೊಟ್ಟರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಹೇಳಿದರು. ಅವಕಾಶ ಸಿಗಲಿಲ್ಲ. 1989ರ ಏಪ್ರಿಲ್ 21ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಸಹಿಯೊಂದಿಗೆ ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು. ಬೊಮ್ಮಾಯಿ ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಎಂಬುದನ್ನು ಸದನದಲ್ಲೇ ಪರೀಕ್ಷಿಸಬೇಕು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಧಾರವಾಡ ಸೀಮೆಯ ಒಬ್ಬ ವಕೀಲನ ಹಟದಿಂದ ದೇಶದ ಎಲ್ಲ ರಾಜ್ಯಗಳಿಗೂ ಒಂದು ರಕ್ಷಣೆ ಸಿಕ್ಕಿತು.

ಮಂತ್ರಿಮಂಡಲ ಹೇಳಿದ್ದಕ್ಕೆ ರಾಷ್ಟ್ರಪತಿ ಸಹಿ ಹಾಕಲೇಬೇಕಲ್ಲ, ಅದು ಬರೀ ಶಿಕ್ಕಾ ಅಲ್ಲವೇ ಎಂಬ ವಾದವೂ ಕಟ್ಟೆಯ ಮೇಲೆ ಬರುತ್ತದೆ. ಸಂವಿಧಾನದ 74ನೇ ವಿಧಿ ನೋಡಿದರೆ ವಾದ ಪೂರ್ತಿ ಸುಳ್ಳಲ್ಲ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ ಆ ಕುರ್ಚಿಯಲ್ಲಿ ಹಂಗಾಮಿಯಾಗಿ ಕೂತ ಕನ್ನಡಿಗ. 1977ರ ಏಪ್ರಿಲ್‌ನಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಸಲಹೆ ಬಂದಾಗ ಅವರು ಕೂಡಲೇ ಸಹಿ ಹಾಕಲಿಲ್ಲ, ಹಿಂಜರಿದರು. ಕೊನೆಗೆ ಹಾಕಿದರು. ಆದರೆ ಕೆ.ಆರ್. ನಾರಾಯಣನ್ 1997ರಲ್ಲಿ ಉತ್ತರಪ್ರದೇಶದ, 1998ರಲ್ಲಿ ಬಿಹಾರದ ಸರ್ಕಾರ ವಜಾ ಮಾಡುವ ಶಿಫಾರಸುಗಳನ್ನು ಮರುಪರಿಶೀಲನೆಗೆ ವಾಪಸ್ ಕಳಿಸಿದರು. ಒಮ್ಮೆ ವಾಪಸ್ ಕಳಿಸುವ ಹಕ್ಕು ರಾಷ್ಟ್ರಪತಿಗೆ ಇದೆ. ಅದನ್ನು ಬಳಸುವ ಎದೆಗಾರಿಕೆ ಯಾರಿಗಿದೆ ಎಂಬುದು ಅಭ್ಯರ್ಥಿಯಿಂದ ಅಭ್ಯರ್ಥಿಗೆ ಬೇರೆ. ಗೆಳೆಯರು ಜಗಳಾಡಬೇಕಾದದ್ದು ಇದಕ್ಕಾಗಿಯೇ.

2022ರಲ್ಲಿ ಇಂಥ ಜಗಳಕ್ಕೆ ಒಳ್ಳೆಯ ಸಾಮಗ್ರಿ ಇತ್ತು. ಒಬ್ಬರು ಆದಿವಾಸಿ ಸಮುದಾಯದಿಂದ ಬಂದ ಶಿಕ್ಷಕಿ, ಶಾಸಕಿ, ಜಾರ್ಖಂಡ್ ರಾಜ್ಯಪಾಲೆ. ಇನ್ನೊಬ್ಬರು ಐಎಎಸ್ ಬಿಟ್ಟು ರಾಜಕಾರಣಕ್ಕೆ ಬಂದ, ದೇಶದ ಹಣಕಾಸು ನೋಡಿಕೊಂಡ, ಆಳುವವರನ್ನು ಎದುರಿಸಿ ಮಾತಾಡಬಲ್ಲ ಹಿರಿಯ. ಕಲಘಟಗಿಯ ಕಾಡಂಚಿನ ಸಿದ್ದಿಗಳ ಓಣಿಯಿಂದ ನೋಡಿದರೆ ಮೊದಲ ಹೆಸರಿಗೆ ಬೇರೆಯೇ ಅರ್ಥವಿತ್ತು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ ಕಾನೂನು ಬಂದದ್ದೇ 2020ರಲ್ಲಿ, ಅಂದರೆ ಈ ಚುನಾವಣೆಗೆ ಎರಡು ವರ್ಷ ಮೊದಲು. ಯಾವ ಸಮುದಾಯ ಆ ಪಟ್ಟಿಯಲ್ಲಿದೆ ಎಂಬುದು 342ನೇ ವಿಧಿಯಡಿ ರಾಷ್ಟ್ರಪತಿಯ ಆದೇಶದಿಂದ ಆರಂಭವಾಗುವ ವಿಷಯ. ಅದೇ 2020ರಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ವಿಧಾನಪರಿಷತ್ತಿಗೆ ನಾಮಕರಣಗೊಂಡರು, ಶಾಸನಸಭೆ ಮುಟ್ಟಿದ ಮೊದಲ ಸಿದ್ದಿ. ದೇಶ ಮೊದಲ ಆದಿವಾಸಿ ರಾಷ್ಟ್ರಪತಿಯನ್ನು ಆರಿಸಿದಾಗ ಅವರಿಗೆ ಓಟು ಇರಲಿಲ್ಲ. ಪರಿಷತ್ ಸದಸ್ಯರು, ನಾಮಕರಣಗೊಂಡವರಿರಲಿ ಚುನಾಯಿತರಿರಲಿ, ಈ ಚುನಾವಣೆಯ ಹೊರಗೆ. 1980ರಿಂದ ಶಿಕ್ಷಕರ ಕ್ಷೇತ್ರದಿಂದ ಆರಿಸಿಬರುತ್ತಿರುವ ಹುಬ್ಬಳ್ಳಿಯ ಬಸವರಾಜ ಹೊರಟ್ಟಿ ಅವರು ಸಭಾಪತಿ ಪೀಠ ಏರಿದರೂ ಒಂದು ಸಲವೂ ರಾಷ್ಟ್ರಪತಿಗೆ ಮತ ಹಾಕಲು ಆಗಿಲ್ಲ.

ನವಲಗುಂದ ಮತ್ತು ಕಲಘಟಗಿಯ ಅಂದಿನ ಶಾಸಕರಾದ ಶಂಕರ ಪಾಟೀಲ ಮುನೇನಕೊಪ್ಪ, ಸಿ.ಎಂ. ನಿಂಬಣ್ಣವರ ಇಬ್ಬರೂ ಬಿಜೆಪಿಯವರು. ಕುಂದಗೋಳದಲ್ಲಿ ಪತಿ ಸಿ.ಎಸ್. ಶಿವಳ್ಳಿ ಅವರ ನಿಧನದ ನಂತರ 2019ರ ಉಪಚುನಾವಣೆಯಲ್ಲಿ ಗೆದ್ದ ಕಾಂಗ್ರೆಸ್ಸಿನ ಕುಸುಮಾ ಶಿವಳ್ಳಿ. ಕಾಂಗ್ರೆಸ್ಸಿನ ನಿಲುವು ಸಿನ್ಹಾ ಪರ. ಆಗ ಬಿಜೆಪಿ ಕೂಟದಲ್ಲಿ ಇಲ್ಲದಿದ್ದರೂ ಎಚ್.ಡಿ. ದೇವೇಗೌಡರ ಜೆಡಿಎಸ್ ಮುರ್ಮು ಅವರನ್ನು ಬೆಂಬಲಿಸಿತು. ಪಕ್ಷ ಒಂದು ಕಡೆ ಎಳೆದು ಅಭ್ಯರ್ಥಿಯ ಬದುಕು ಇನ್ನೊಂದು ಕಡೆ ಎಳೆದಾಗ ಏನು ಮಾಡಬೇಕೆಂಬ ಇಕ್ಕಟ್ಟು ಕಟ್ಟೆಯ ಗೆಳೆಯರಿಗಷ್ಟೇ ಅಲ್ಲ, ವಿಧಾನಸೌಧದಲ್ಲಿ ಸಾಲಾಗಿ ನಿಂತವರಿಗೂ ಇತ್ತು. ಹುಟ್ಟು ನೋಡಿ ಆರಿಸಬಾರದು ಎನ್ನುವವರ ವಾದದಲ್ಲಿ ಸತ್ವ ಇದೆ. ಆದರೆ ಏಳು ದಶಕ ದಾಟಿದರೂ ಆ ಕುರ್ಚಿ ಯಾರಿಗೆ ಸಿಕ್ಕಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿಯದ ವಾದ ಅಷ್ಟೇ ಕುಂಟುತ್ತದೆ. 1969ರಲ್ಲಿ ಜಗಜೀವನ್ ರಾಮ್ ಅವರಿಗೆ ತಪ್ಪಿದ ಸ್ಪರ್ಧೆ ಅವರ ಮಗಳು ಮೀರಾ ಕುಮಾರ್ ಅವರಿಗೆ ಒಲಿದದ್ದು 2017ರಲ್ಲಿ. ಎದುರು ನಿಂತ ರಾಮನಾಥ ಕೋವಿಂದ್ ಕೂಡ ಅವರಂತೆ ದಲಿತರೇ. ಆ ಸಲ ಹುಟ್ಟಿನ ಪ್ರಶ್ನೆ ತಕ್ಕಡಿಯ ಎರಡೂ ಕಡೆ ಸಮನಾಗಿ, ಉಳಿದ ಗುಣಗಳ ಮಾತು ಬಂತು.

 

ಶಾಸಕರು ಪಕ್ಷದ ಮಾತು ಮೀರಿದರೆ ಸದಸ್ಯತ್ವ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಹೋಗುವುದಿಲ್ಲ. ರಾಷ್ಟ್ರಪತಿ ಚುನಾವಣೆಗೆ ವಿಪ್ ಹೊರಡಿಸುವಂತಿಲ್ಲ ಎಂದು ಚುನಾವಣಾ ಆಯೋಗ ಸ್ಪಷ್ಟಪಡಿಸಿದೆ. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಇದಕ್ಕೆ ತಾಗುವುದಿಲ್ಲ. ರಾಜ್ಯಸಭೆ ಚುನಾವಣೆಯಲ್ಲಿ ಶಾಸಕ ತನ್ನ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಪೆಟ್ಟಿಗೆಗೆ ಹಾಕುವ ನಿಯಮ 2003ರಲ್ಲಿ ಬಂತು. ಗುಲಾಬಿ ಚೀಟಿಗೆ ಆ ನಿಯಮ ಇಲ್ಲ. ಅದು ಮಡಚಿಯೇ ಬೀಳುತ್ತದೆ. ಆ ಸ್ವಾತಂತ್ರ್ಯ ಬಳಕೆಯಾದದ್ದನ್ನು ಧಾರವಾಡದವರು ಕಣ್ಣಾರೆ ಕಂಡದ್ದು 2012ರಲ್ಲಿ. ಜುಲೈ 12ರಂದು ಹುಬ್ಬಳ್ಳಿಯ ಜಗದೀಶ ಶೆಟ್ಟರ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ಒಂದೇ ವಾರಕ್ಕೆ, 19ರಂದು, ರಾಷ್ಟ್ರಪತಿ ಚುನಾವಣೆ. ಬಿಜೆಪಿ ಬೆಂಬಲಿಸಿದ್ದು ಪಿ.ಎ. ಸಂಗ್ಮಾ ಅವರನ್ನು. ಆಡಳಿತ ಬಿಜೆಪಿಯದ್ದೇ ಇದ್ದ ಕರ್ನಾಟಕದಲ್ಲಿ ಪ್ರಣಬ್ ಮುಖರ್ಜಿ ಅವರಿಗೆ 117 ಮತ, ಸಂಗ್ಮಾ ಅವರಿಗೆ 103. ಜೆಡಿಎಸ್ ಪ್ರಣಬ್ ಪರ ಇತ್ತು, ನಿಜ. ಆದರೂ ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿದರೂ ಅಷ್ಟು ಸಂಖ್ಯೆ ಇರಲಿಲ್ಲ. ಉಳಿದವು ಆಡಳಿತ ಪಕ್ಷದ ಕಡೆಯಿಂದ ಬಂದವು.

ಅಡ್ಡಮತದಾನ ಎಂದು ಪತ್ರಿಕೆಗಳು ಅದನ್ನು ಬಣ್ಣಿಸಿದವು. ಹೆಸರು ಏನೇ ಇರಲಿ, ಅದರಲ್ಲಿ ಆತ್ಮಸಾಕ್ಷಿ ಎಷ್ಟು, ಬಣಜಗಳ ಎಷ್ಟು ಎಂದು ಮತದಾರರಿಗೆ ತಿಳಿಯುವ ದಾರಿ ಇಲ್ಲದ್ದೇ ದೊಡ್ಡ ಕೊರತೆ. ಗುಪ್ತ ಮತದಾನ ಶಾಸಕನನ್ನು ಪಕ್ಷದ ಬೆದರಿಕೆಯಿಂದ ಕಾಯಲು ಇದೆ. ಕ್ಷೇತ್ರದ ಜನರ ಮಾತು ಕೇಳುವ ಹೊಣೆಯಿಂದ ಅದು ಯಾರನ್ನೂ ಬಿಡಿಸುವುದಿಲ್ಲ. ಚೀಟಿ ತೋರಿಸಬೇಕಿಲ್ಲ. ಮತದಾನಕ್ಕೆ ಮೊದಲು ಒಂದು ಸಂಜೆ ನವಲಗುಂದದಲ್ಲೋ, ಅಣ್ಣಿಗೇರಿಯಲ್ಲೋ, ಕಲಘಟಗಿ ತಾಲ್ಲೂಕಿನ ಯಾವುದಾದರೂ ಹಳ್ಳಿಯಲ್ಲೋ ಕೂತು, "ಇವರಿಬ್ಬರೊಳಗ ನೀವು ಯಾರನ್ನ ಒಪ್ಪತೀರಿ, ಯಾಕ?" ಎಂದು ಕೇಳಲು ಯಾವ ಕಾನೂನೂ ಅಡ್ಡಿ ಇಲ್ಲ. ಮತದಾರನಿಗೆ ಬೆದರಿಕೆ, ಆಮಿಷ ಒಡ್ಡುವುದು ಅಪರಾಧ. ಅಭಿಪ್ರಾಯ ಹೇಳುವುದಲ್ಲ. ಮಲಪ್ರಭಾ ಕಾಲುವೆಯ ಕರ ಅನ್ಯಾಯ ಎಂದು ಸರ್ಕಾರಕ್ಕೆ ಎದುರಾಗಿ ಹೇಳಿದ ಊರುಗಳಿವು. ಮಹದಾಯಿ ನದಿನೀರು ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿಯಲ್ಲಿ ಕಳಸಾಕ್ಕೆಷ್ಟು, ಬಂಡೂರಿಗೆಷ್ಟು ಎಂದು ಕಾಗದ ನೋಡದೆ ಹೇಳುವ ರೈತರು ಇಲ್ಲಿದ್ದಾರೆ. ಇವರಿಗೆ ರಾಷ್ಟ್ರಪತಿಯ ವಿಷಯ ತಿಳಿಯುವುದಿಲ್ಲ ಎನ್ನುವುದು ಸರಿಯಲ್ಲ.

ದ್ರೌಪದಿ ಮುರ್ಮು ಅವರ ಅವಧಿ ಮುಗಿಯುವುದು 2027ರ ಜುಲೈನಲ್ಲಿ. 2023ರಲ್ಲಿ ಆರಿಸಿಬಂದ ವಿಧಾನಸಭೆಯ ಅವಧಿ 2028ರವರೆಗೆ ಇರುವುದರಿಂದ ಮುಂದಿನ ರಾಷ್ಟ್ರಪತಿಗೆ ಮತ ಹಾಕಬೇಕಾದವರು ನವಲಗುಂದದ ಎನ್.ಎಚ್. ಕೋನರಡ್ಡಿ, ಕಲಘಟಗಿಯ ಸಂತೋಷ ಲಾಡ್, ಕುಂದಗೋಳದ ಎಂ.ಆರ್. ಪಾಟೀಲ. ಮೊದಲಿಬ್ಬರು ಕಾಂಗ್ರೆಸ್, ಮೂರನೆಯವರು ಬಿಜೆಪಿ. ಅಭ್ಯರ್ಥಿಗಳ ಹೆಸರು ಹೊರಬಿದ್ದ ಮೇಲೆ ಮತದಾನಕ್ಕೆ ಕೆಲವು ವಾರಗಳಷ್ಟೇ ಉಳಿದಿರುತ್ತವೆ. ಕಟ್ಟೆಯ ಗೆಳೆಯರು ತಮ್ಮ ವಾದ ಮುಗಿಸಿ, ಒಮ್ಮತ ಬಾರದಿದ್ದರೂ ಬಾರದ ಮಾತನ್ನೇ ಬರೆದು ಈ ಮೂವರಿಗೆ ಮುಟ್ಟಿಸಲು ಅಷ್ಟು ದಿನ ಸಾಕು.